ಹುಲಿಗೆಮ್ಮನ ಹೆಪ್ಪು, ಬೆಳ್ಳಿಯ ಕಣ

"ನನ್ನ ಫ್ಲಾಸ್ಕ್ ಎಲ್ಲಿ?"

ರೂಪಶ್ರೀ ಕೂಗಿದ ಜೋರಿಗೆ ದಾವಣಗೆರೆಯ ಆ ಲ್ಯಾಬ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನ ದಿನವಷ್ಟೇ ಸಹಾಯಕನಾಗಿ ಸೇರಿದ್ದ ಬಕ್ಕೇಶ್ ಕೈ ಒರೆಸಿಕೊಳ್ಳುತ್ತಾ ಬಂದ.

"ಕಂದು ಬಣ್ಣಕ್ಕೆ ತಿರುಗಿತ್ರಿ ಮೇಡಂ... ಕೆಟ್ಟೈತೆ ಅಂತ ಪಕ್ಕದ ತಟ್ಟೆ ಸಮೇತ ಹಬೆಯಲ್ಲಿ ಬೇಯಿಸಿ ಚೆಲ್ಲಿಬಿಟ್ಟೆ. ಹರಿಹರದ ರಕ್ತಪರೀಕ್ಷೆ ಲ್ಯಾಬಲ್ಲಿ ಹಂಗೇ ಮಾಡ್ತಿದ್ವಿ."

"ಅಯ್ಯೋ! ಕಂದು ಬಣ್ಣ ಬರ್ಲಿ ಅಂತಾನೇ ಎರಡು ವರ್ಷ ಕಾದಿದ್ದು ಕಣ್ರೀ!"

ಪಾಪ, ಅವನಿಗೇನು ಗೊತ್ತು! ಮೊಸರಿನ ಒಳ್ಳೆ ಬ್ಯಾಕ್ಟೀರಿಯಾಗಳು ಬೆಳ್ಳಿಯ ಲವಣವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿದಾಗಲೇ ಆ ಬಣ್ಣ ಬರುವುದು. ಗಾಯವನ್ನು ಕೀವುಗಟ್ಟಿಸುವ ರೋಗಾಣುಗಳನ್ನು ಆ ಕಣಗಳು ಕೊಲ್ಲುತ್ತವೆ ಎಂದು ತೋರಿಸುವುದೇ ಅವಳ ಸಂಶೋಧನೆ. ತಿಂಗಳೊಳಗೆ ತೋರಿಸದಿದ್ದರೆ ವಿಷಯವನ್ನೇ ಬದಲಿಸಬೇಕೆಂದು ಗೈಡ್ ವಾಮದೇವಪ್ಪ ಹೇಳಿಬಿಟ್ಟಿದ್ದರು.

ಎಷ್ಟೋ ಮನೆಗಳ ಮೊಸರು ಸೋತು, ಶಾಮನೂರಿನಿಂದ ಮಾರಲು ಬರುತ್ತಿದ್ದ ಹುಲಿಗೆಮ್ಮನ ಮೊಸರು ಮಾತ್ರ ಗೆದ್ದಿತ್ತು. ಅದರ ಬ್ಯಾಕ್ಟೀರಿಯಾ ಉಳಿದಿದ್ದದ್ದು ಆ ಫ್ಲಾಸ್ಕು, ಆ ತಟ್ಟೆಯಲ್ಲಿ ಮಾತ್ರ. ಈಗ ಆಕೆಯ ಮನೆಗೆ ಬೀಗ. ಎಲ್ಲಿ ಹೋದಳೋ ಲ್ಯಾಬ್‌ನಲ್ಲಿ ಯಾರಿಗೂ ಗೊತ್ತಿಲ್ಲ.

"ಹೋಗ್ರಿ ಇಲ್ಲಿಂದ!" ಎಂದವಳ ಕಣ್ಣು ತುಂಬಿತ್ತು.

ಮರುದಿನ ಬಕ್ಕೇಶ್ ಬರಲಿಲ್ಲ. ಅದರ ಮರುದಿನವೂ ಇಲ್ಲ.

'ಓಡಿಹೋದ, ಹೇಡಿ! ...ಆದ್ರೂ ಬಾಗಿಲು ಸದ್ದಾದಾಗಲೆಲ್ಲ ನಾನ್ಯಾಕೆ ತಿರುಗಿ ನೋಡ್ತಿದ್ದೀನಿ?'

ಮೂರನೇ ದಿನ ಬಂದ. ಅಂಗಿಯೆಲ್ಲ ಮುದ್ದೆ, ಎದೆಗೆ ಅವುಚಿಕೊಂಡ ಸ್ಟೀಲ್ ಡಬ್ಬಿ.

"ಲ್ಯಾಬಿನೋರ ಹತ್ರ ಹೆಸರು ಕೇಳ್ಕಂಡು, ಶಾಮನೂರಲ್ಲಿ ಮನೆಮನೆ ವಿಚಾರಿಸಿದೆ, ಹುಲಿಗೆಮ್ಮ ಮಗಳ ಊರು ಉಕ್ಕಡಗಾತ್ರಿಲಿ ಸಿಕ್ಕಿದ್ಲುರಿ! ಬಾಣಂತನಕ್ಕೆ ಹೋಗುವಾಗ ಹೆಪ್ಪೂ ಒಯ್ದಿದ್ಲಂತೆ. ಅದೇ ಹೆಪ್ಪಿನ ಮೊಸರಿದು. ಕುಂತ್ರೆ ಕುಲುಕ್ತೈತೆ ಅಂತ ಬಸ್ಸಲ್ಲಿ ನಿಂತ್ಕಂಡೇ ಬಂದೆ."

"ಕುಲುಕಿದ್ರೆ ಏನೂ ಆಗಲ್ಲ ಕಣ್ರೀ..." ಅವಳಿಗೆ ನಗುವೂ ಬಂತು, ಅಳುವೂ ಬಂತು. ಬೈಯಲು ಕೂಡಿಟ್ಟಿದ್ದ ಮಾತೆಲ್ಲ ಮರೆತೇಹೋಯಿತು. "ಊಟ ಮಾಡಿದ್ರಾ?"

ಮೂರು ವಾರ ಇಬ್ಬರೂ ಒಟ್ಟಿಗೆ ದುಡಿದರು. ಒಂದು ಬೆಳಿಗ್ಗೆ ನೋಡುತ್ತಾರೆ, ತಟ್ಟೆಯ ತುಂಬ ರೋಗಾಣು, ಬೆಳ್ಳಿ ಕಣಗಳ ಹನಿ ಬಿಟ್ಟ ಜಾಗದ ಸುತ್ತ ಮಾತ್ರ ರೂಪಾಯಿಯಗಲ ಸ್ವಚ್ಛ ಜಾಗ! ವಾಮದೇವಪ್ಪ ಕನ್ನಡಕ ಏರಿಸಿ ನೋಡಿ, "ಇದನ್ನೇ ಮುಂದುವರಿಸಮ್ಮಾ" ಎಂದರು.

ಅವರು ಅತ್ತ ಹೋದದ್ದೇ ತಡ, ಬಕ್ಕೇಶ್ ಬ್ಯಾಗ್ ಹೆಗಲಿಗೇರಿಸಿದ.

"ನಿಮ್ ಕೆಲಸ ಆತಲ್ರಿ... ನಾನು ಕೆಲಸ ಬಿಡ್ತೀನಿ. ನನ್ ಕೈಯಿಂದ ಇನ್ನೊಂದ್ಸಲ ತಪ್ಪಾಗಿ ನೀವು ಅಳೋದನ್ನ ನೋಡೋಕಾಗಲ್ಲ."

ರೂಪಶ್ರೀ ಬಾಗಿಲಿಗೆ ಅಡ್ಡ ಬಂದಳು.

"ನೀವು ಹೋದ್ರೆ ಅಳಲ್ಲ ಅಂದ್ಕಂಡ್ರಾ?"

ಅವನು ನಿಂತಲ್ಲೇ ನಿಂತ. "ಹಂಗಂದ್ರೆ...?"

"ಭಾನುವಾರ ನಿಮ್ಮಮ್ಮನ್ನ ಕರ್ಕಂಡು ನಮ್ಮನೆಗೆ ಬರ್ರಿ. ಎಲ್ಲಾನೂ ನಾನೇ ಬಾಯ್ಬಿಟ್ಟು ಹೇಳ್ಬೇಕಾ?"

ಬ್ಯಾಗು ಕೆಳಗಿಳಿಯಿತು.

"ಭಾನುವಾರ ಭಾಳ ದೂರ ಆತಲ್ರಿ... ಇವತ್ತೇ ಸಂಜೆ ಬರ್ತೀವಿ!"