ಮೂರನೇ ಪುಟದ ಸಹಿ

ಭಾನುವಾರ ಬೆಳಿಗ್ಗೆ ಪತ್ರಿಕೆಯಲ್ಲಿ ತಮ್ಮದೇ ಅಂಕಣ ಓದಿ ಮಾಜಿ ಮಂತ್ರಿಗಳು ಬೆವೆತುಹೋದರು. ಕೊನೆಯ ಪ್ಯಾರಾ ಅವರದಲ್ಲ. ‘ಸೇತುವೆ ಬಿರುಕು ಬಿಟ್ಟಿದೆ ಎಂದು ಎಂಜಿನಿಯರ್ ಪತ್ರ ಕೊಟ್ಟಿದ್ದರು. ಉದ್ಘಾಟನೆ ಮುಂದೆ ಹೋಗಬಾರದೆಂದು ನಾನೇ ಅದನ್ನು ಕಡತದಿಂದ ತೆಗೆಸಿದೆ’ ಎಂದು ಅಚ್ಚಾಗಿತ್ತು.

ಆ ಸೇತುವೆ ಕುಸಿದು ಹದಿನಾಲ್ಕು ಜನ ಸತ್ತು ಹನ್ನೊಂದು ವರ್ಷ. ಜೈಲಿಗೆ ಹೋದದ್ದು ಎಂಜಿನಿಯರ್, ಅಲ್ಲೇ ಸತ್ತ. ಮಂತ್ರಿಗಳು ಕುರ್ಚಿ ಹೋದ ಮೇಲೆ ಕರಿಕೋಟು ತೊಟ್ಟು ವಕೀಲರಾದರು, ವಾರವಾರ ಊರಿಗೆಲ್ಲ ನೀತಿಪಾಠ ಬರೆದರು.

*

"ನನ್ನ ಜೂನಿಯರ್ ವಕೀಲನದೇ ಕೆಲಸ. ಮೊನ್ನೆ ಬೈದಿದ್ದೆ. ಅಂಕಣ ಪತ್ರಿಕೆಗೆ ಒಯ್ದವನೂ ಅವನೇ," ಎಂದರು ಮಂತ್ರಿಗಳು, ತಮ್ಮ ವಕೀಲಿ ಕಚೇರಿಯಲ್ಲಿ ಕೂತು.

ಅವರ ದೂರಿನ ಮೇಲೆ ಬಂದಿದ್ದ ಇನ್ಸ್‌ಪೆಕ್ಟರಮ್ಮ ಪತ್ರಿಕಾ ಕಚೇರಿಯಿಂದ ತಂದ ಮೂಲಪ್ರತಿ ಮುಂದಿಟ್ಟರು. ಟೈಪಾದ ಮೂರು ಪುಟ, ಪ್ರತಿ ಪುಟಕ್ಕೂ ಸಹಿ.

"ಸಹಿ ನಿಮ್ದೇನಾ ಸರ್?"

"ನನ್ನದೇ. ಆದ್ರೆ ಓದಿಲ್ಲ. ಹೇಳಿ ಬರೆಸಿದ್ದು ನಾನೇ ಅಲ್ವಾ, ಮತ್ತೆ ಓದೋದೇನು?"

"ಮೂರನೇ ಪುಟ ನೋಡಿ. ನಿಮ್ಮ ಸಹಿಯ ಬಾಲದ ಶಾಯಿ ಆ ಪ್ಯಾರಾದ ಅಕ್ಷರಗಳ ಮೇಲೇ ಹಾದುಹೋಗಿದೆ. ಅಂದ್ರೆ ನೀವು ಸಹಿ ಹಾಕೋವಾಗ ಪ್ಯಾರಾ ಅಲ್ಲಿತ್ತು. ಜೂನಿಯರ್ ಕೈಗೆ ಬರೋ ಮೊದಲೇ. ಟೈಪ್ ಮಾಡಿದ್ಯಾರು?"

ಮಂತ್ರಿಗಳು ಬಾಯಿ ತೆರೆಯುವ ಮೊದಲೇ ಮೂಲೆಯ ಮೇಜಿನಿಂದ ಸ್ಟೆನೋ ಎದ್ದಳು. ಕಚೇರಿಗೆಲ್ಲ ಅವಳು ಅಕ್ಕ. ಮಂತ್ರಿಗಿರಿಯ ಕಾಲದಿಂದಲೂ ಅವರ ಮಾತು ಬರೆದುಕೊಂಡವಳು.

"ನಾನೇ, ಮೇಡಂ."

*

ಅಕ್ಕ ಚೀಲದಿಂದ ಹಳೇ ಶಾರ್ಟ್‌ಹ್ಯಾಂಡ್ ಪುಸ್ತಕ ತೆಗೆದಳು.

"ಎಂಜಿನಿಯರ್ ಪತ್ರ ಕಡತದಿಂದ ತೆಗೆಸಿ ಅಂತ ಇವ್ರು ಹೇಳಿದ್ದು ಇದ್ರಲ್ಲಿದೆ. ತಾರೀಖೂ ಇದೆ. ಆ ಎಂಜಿನಿಯರ್ ನನ್ನ ತಮ್ಮ."

ಮಂತ್ರಿಗಳು ಕಣ್ಣು ಬಿಟ್ಟರು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರು ಅಕ್ಕನ ಮನೆಯಲ್ಲಿ ಯಾರಿದ್ದಾರೆಂದು ಕೇಳಿರಲಿಲ್ಲ.

"ಇದನ್ನ ಆಗ್ಲೇ ಯಾಕೆ ಕೊಡ್ಲಿಲ್ಲ?" ಎಂದರು ಇನ್ಸ್‌ಪೆಕ್ಟರಮ್ಮ.

"ತಮ್ಮನ ವಕೀಲರಿಗೆ ತೋರ್ಸಿದೆ. ಗೀಚಿದ್ದಕ್ಕೆ ಬೆಲೆ ಇಲ್ಲ, ಮಂತ್ರಿ ಸಹಿ ಎಲ್ಲಿ ಅಂದ್ರು. ಅವತ್ತಿಂದ ಸಹಿಗೇ ಕಾದೆ. ಇವ್ರು ಮೊದಲು ಎಲ್ಲಾ ಓದಿ ಸಹಿ ಹಾಕ್ತಿದ್ರು. ಅಂಕಣಕ್ಕೆ ಹೊಗಳಿಕೆ ಬರೋಕೆ ಶುರುವಾದ್ಮೇಲೆ ಓದೋದು ಬಿಟ್ರು."

"ಆ ಪುಸ್ತಕ ಸುಡು ಅಂದಿದ್ನಲ್ಲ!"

ಮಾತು ಬಾಯಿಂದ ಜಾರಿದ್ದು ಮಂತ್ರಿಗಳಿಗೆ ತಡವಾಗಿ ತಿಳಿಯಿತು. ಎದುರಾಳಿಯ ಸಾಕ್ಷಿಗಳನ್ನು ಮಾತಲ್ಲೇ ಸಿಕ್ಕಿಸಿದ ನಾಲಿಗೆ ಈಗ ಅವರನ್ನೇ ಸಿಕ್ಕಿಸಿತ್ತು. ಇನ್ಸ್‌ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಆ ಮಾತನ್ನು ಹಾಗೆಯೇ, ಒಂದಕ್ಷರ ಬಿಡದೆ ಬರೆದುಕೊಂಡರು.

"ನಾನು... ನಾನು ದೂರು ವಾಪಸ್ ತಗೋತೀನಿ."

"ಬೇಡ ಸರ್," ಎಂದಳು ಅಕ್ಕ. "ಕೇಸು ನಡೀಲಿ, ನಾನು ಜೈಲಿಗೆ ಹೋಗ್ತೀನಿ. ನನಗೆ ಶಿಕ್ಷೆ ಆಗ್ಬೇಕಂದ್ರೆ ಆ ಪ್ಯಾರಾ ಸುಳ್ಳು ಅಂತ ನೀವು ಕಟಕಟೆ ಹತ್ತಿ ಹೇಳ್ಬೇಕು. ಆಗ ಈ ಪುಸ್ತಕಾನ ಜಡ್ಜ್ ಮುಂದೆ ನಾನೇ ಓದ್ತೀನಿ, ನನ್ನ ತಮ್ಮನ ಹೆಸರಿರೋ ಸಾಲಿಂದ."

ಅವಳು ಪುಸ್ತಕವನ್ನು ಇನ್ಸ್‌ಪೆಕ್ಟರಮ್ಮನ ಕೈಗಿತ್ತು, ಚೀಲ ಹೆಗಲಿಗೇರಿಸಿ ಜೀಪಿನತ್ತ ನಡೆದಳು.