ಹಳ್ಳದ ಗೋಪಾಲ

"ಗೋಪಾಲ ಎಲ್ಲಪ್ಪಾ?"

ಜಾನಕಮ್ಮ ಕೇಳಿದ್ದು ಯಾರನ್ನೂ ಅಲ್ಲ. ಭಾನುವಾರ ಬೆಳಿಗ್ಗೆ ಬಸವನಗುಡಿಯ ಆ ಹಜಾರದಲ್ಲಿ ಅವರೊಬ್ಬರೇ ಇದ್ದರು. ಎದುರಿಗೆ ಗೋಡೆಯ ತುಂಬ ಒಂದು ನಕ್ಷೆ. ಕೈಯಲ್ಲಿ ಫೋನು. ಫೋನಿನಲ್ಲಿ ಮಧುರಾ ಆಗಷ್ಟೇ ಕಳಿಸಿದ ಫೋಟೊ. ಪಾಳುಗುಡಿಯ ಗರ್ಭಗೃಹ, ಅದರೊಳಗೆ ಕಲ್ಲಿನ ಪೀಠ. ಪೀಠದ ಮೇಲೆ ಇರಬೇಕಾಗಿದ್ದ ಗೇಣುದ್ದದ ವೇಣುಗೋಪಾಲ ಇರಲಿಲ್ಲ.

ಫೋನು ಹೊಡೆದುಕೊಂಡಿತು. ಮಧುರಾ.

"ಆಂಟಿ, ಫೋಟೊ ನೋಡಿದ್ರಾ? ಊರವರು ನನ್ನ ಗಾಡಿ ಅಡ್ಡ ಹಾಕಿದಾರೆ. ನಮ್ಮ ಬಳಗದವರೇ ಕದ್ದಿದ್ದು ಅಂತಿದಾರೆ."

"ನಮ್ಮವರು ಅಂದ್ರೆ?"

"ಶ್ರೀಹರಿ. ಗುರುವಾರ ಸಂಜೆ ಅವನ ಬೈಕ್ ಗುಡಿ ಹತ್ರ ನಿಂತಿತ್ತಂತೆ."

ಅವರದು ನಾಲ್ಕೈದು ಮನೆಯವರು ಸೇರಿ ಕಟ್ಟಿಕೊಂಡ ದಾರಿ ಬಳಗ. ತಿಂಗಳಿಗೊಂದು ಭಾನುವಾರ ಟೆಂಪೊ ಟ್ರಾವೆಲರ್ ಹತ್ತಿ ಬೆಟ್ಟ, ಹೊಳೆ, ಹಾಳು ಕೋಟೆ ನೋಡಿಬರುವುದು. ಕನ್ನಡ ಟೀಚರಾಗಿ ನಿವೃತ್ತರಾದ ಜಾನಕಮ್ಮ ದಾರಿ ಆರಿಸುತ್ತಿದ್ದರು. ಗಾಡಿ, ಊಟದ ಏರ್ಪಾಡು ಮಲ್ಲೇಶ್ವರದ ಮಧುರಾಳದು. ಫೋಟೊ ಶ್ರೀಹರಿಯದು. ದಾರಿಯುದ್ದಕ್ಕೂ ಮೈಕು ಹಿಡಿದು ಕಾವ್ಯ ಓದುವವರು ಚಾಮರಾಜಪೇಟೆಯ ಶೀನಣ್ಣ. ಮಾಗಡಿ ದಾಟಿ ಕಲ್ಲುದೇವನಹಳ್ಳಿಯ ಹಳ್ಳದ ಪಕ್ಕ ಈ ಗುಡಿಯನ್ನು ಹುಡುಕಿ ನಕ್ಷೆಯ ಮೇಲೆ ಗುಂಡುಪಿನ್ನು ಚುಚ್ಚಿದ್ದು ಜಾನಕಮ್ಮನೇ. ಹೋದ ತಿಂಗಳು ಒಮ್ಮೆ ಹೋಗಿಬಂದಿದ್ದರು. ಹೆಚ್ಚಿನವರು ಮತ್ತೊಮ್ಮೆ ಬೇಕೆಂದಿದ್ದರು. ಮುಂದಿನ ಭಾನುವಾರದ ಊಟಕ್ಕೆ ಹೇಳಿಬರಲು ಮಧುರಾ ಹೋಗಿದ್ದಳು.

ಫೋನು ಬೇರೆಯವರ ಕೈಗೆ ಹೋಯಿತು. ಗಂಡಸಿನ ದನಿ.

"ಮೇಡಂ, ಸಬ್ ಇನ್‌ಸ್ಪೆಕ್ಟರ್ ಲಕ್ಷ್ಮೀಶ. ಊರವರು ಆ ಹುಡುಗನ ಹೆಸರು ಬರೆದು ದೂರು ಕೊಡ್ತಿದಾರೆ. ನಿಮ್ಮ ಕಡೆಯಿಂದ ಏನಾದ್ರೂ ಗೊತ್ತಾದ್ರೆ ಇವತ್ತೇ ಹೇಳಿ, ನನ್ನ ನಂಬರ್ ಕಳಿಸ್ತೀನಿ. ನಾಳೆ ಬೆಳಿಗ್ಗೆ ನಾನು ಎಫ್‌ಐಆರ್ ಮಾಡ್ಲೇಬೇಕು."

* * *

ಶ್ರೀಹರಿ ಬಂದು ಸೋಫಾದ ಅಂಚಿನಲ್ಲಿ ಕುಳಿತ. ಸರ್ಕಾರಿ ಕಾಲೇಜಿನ ಕೆಲಸಕ್ಕೆ ಆಯ್ಕೆಯಾಗಿದ್ದ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ.

"ಎಫ್‌ಐಆರ್ ಆದ್ರೆ ಮುಗೀತು ಆಂಟಿ. ಆಮೇಲೆ ನಾನು ಕದ್ದಿಲ್ಲ ಅಂತ ಸಾಬೀತಾದ್ರೂ ಆ ಕೆಲಸ ಇರಲ್ಲ."

"ಗುರುವಾರ ಯಾಕೆ ಹೋಗಿದ್ದೆ?"

"ಫೋಟೊ ತೆಗೆಯೋಕೆ. ಸಂಜೆ ಬೆಳಕು ಚೆನ್ನಾಗಿರುತ್ತೆ ಅಂತ."

ಹೇಳುವಾಗ ದನಿ ನಡುವೆ ಒಮ್ಮೆ ತಡೆಯಿತು. ಜಾನಕಮ್ಮ ಬೆಳೆದದ್ದು ತಂದೆ ಓದುತ್ತಿದ್ದ ಪದ್ಯಗಳನ್ನು ಕೇಳುತ್ತ. ಓದುವವರು ಎಲ್ಲಿ ತಡೆಯುತ್ತಾರೋ ಅಲ್ಲಿ ಏನೋ ಇರುತ್ತದೆ ಎಂದು ಕಿವಿಗೆ ಅಭ್ಯಾಸವಾಗಿತ್ತು.

"ಇನ್ನೂ ಏನೋ ಉಳಿಸ್ಕೊಂಡಿದೀಯ ಕಣೋ."

ಅವನ ಮುಖ ಕೆಂಪಾಯಿತು. "ಗೋಪಾಲನಿಗೆ ನನ್ನ ಕೂಲಿಂಗ್ ಗ್ಲಾಸ್ ಹಾಕಿ ಒಂದು ರೀಲ್ ಮಾಡ್ದೆ. ಗ್ರೂಪಿಗೆ ಹಾಕಿ ಐದು ನಿಮಿಷಕ್ಕೆ ತೆಗೆದ್ಬಿಟ್ಟೆ. ತಪ್ಪು ಅನ್ನಿಸ್ತು. ಆದ್ರೆ ನಾನು ಹೊರಟಾಗ ಮೂರ್ತಿ ಅಲ್ಲೇ ಇತ್ತು. ನಿಮ್ಮಾಣೆಗೂ."

"ಆ ಐದು ನಿಮಿಷದಲ್ಲಿ ಯಾರು ನೋಡಿದ್ರು?"

"ಯಾರಿಗ್ಗೊತ್ತು ಆಂಟಿ. ಯಾರೂ ಏನೂ ಹೇಳ್ಲಿಲ್ಲ."

ಜಾನಕಮ್ಮನಿಗೆ ಮೊದಲು ಅನುಮಾನ ಬಂದದ್ದು ಹಳೆಯ ಶಿಲ್ಪ ಮಾರುವವರ ಮೇಲೆ. ಹೋದ ತಿಂಗಳು ರೆಸಾರ್ಟಿನವನೊಬ್ಬ ಮಧುರಾಳಿಗೆ ಫೋನ್ ಮಾಡಿ, ಕಲ್ಲಿನ ವಿಗ್ರಹ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದ್ದ. ಮಧುರಾ ಬೈದು ಇಟ್ಟಿದ್ದಳು. ಅವನೇ ಜನ ಕಳಿಸಿ ಎತ್ತಿಸಿರಬಹುದು. ಜಾನಕಮ್ಮ ಫೋಟೊವನ್ನು ಬೆರಳಿನಲ್ಲಿ ಹಿಗ್ಗಿಸಿದರು. ವಿಗ್ರಹ ಕದಿಯುವವರು ಹಾರೆ ಹಾಕುತ್ತಾರೆ. ಇಲ್ಲಿ ಪೀಠದ ಅಂಚಿಗೆ ಒಂದು ಗೀರೂ ಬಿದ್ದಿರಲಿಲ್ಲ. ಪೀಠದ ಮುಂದೆ ಅಕ್ಕಿಕಾಳು ಚೆಲ್ಲಿತ್ತು. ಚೆಲ್ಲಿದ್ದಲ್ಲ, ಉಂಗುರದ ಹಾಗೆ ದುಂಡಗಿತ್ತು. ನಡುವೆ ಖಾಲಿ. ಪಕ್ಕದಲ್ಲಿ ದರ್ಭೆಯ ಒಂದೆಳೆ.

* * *

ಶ್ರೀಹರಿ ಹೋದ ಮೇಲೆ, ಹತ್ತೂವರೆಗೆ ಶೀನಣ್ಣ ಬಂದರು. ಕೈಚೀಲದಿಂದ ಮೈಕು ತೆಗೆದು ಟೀಪಾಯಿಯ ಮೇಲಿಟ್ಟರು.

"ಇದು ನಿಮ್ಮ ಹತ್ರ ಇರಲಿ ಜಾನಕಮ್ಮ. ನಾನಿನ್ನು ಬರೋದಿಲ್ಲ."

"ಮುಂದಿನ ವಾರವಾ?"

"ಮುಂದಿನ ವಾರವೂ. ಆಮೇಲೂ. ಮಂಡಿ ನೋವು."

ಮೂರನೇ ಮಹಡಿಯ ಮೆಟ್ಟಿಲು ಹತ್ತಿ ಬಂದಿದ್ದರು. ಏದುಸಿರು ಕೂಡ ಇರಲಿಲ್ಲ.

"ಗೋಪಾಲನ ಸುದ್ದಿ ಕೇಳಿದ್ರಾ?"

"ಮಧುರಾ ಮೆಸೇಜ್ ಹಾಕಿದ್ಲು." ಇಷ್ಟೇ. ಮೂರ್ತಿ ಕಳೆದುಹೋಯಿತೆಂದರೆ ಅರ್ಧ ಗಂಟೆ ಮಾತಾಡಬೇಕಾದ ಮನುಷ್ಯ.

"ಶ್ರೀಹರಿ ಮೇಲೆ ಹಾಕ್ತಿದಾರೆ."

ಶೀನಣ್ಣನ ಕೈ ಚೀಲದ ಹಿಡಿಯಲ್ಲೇ ನಿಂತಿತು. "ಅವನ ಮೇಲೆ ಯಾಕೆ?"

"ಅವನ ಬೈಕ್ ನೋಡಿದಾರೆ. ಕೂತ್ಕೊಳ್ಳಿ. ಉಪ್ಪಿಟ್ಟಿದೆ, ತಿಂದು ಹೋಗಿ."

"ಬೇಡ, ಬೇಡ. ಮನೇಲಿ ಇನ್ನೂ ನೈವೇದ್ಯ ಆಗಿಲ್ಲ." ಎಂದವರೇ ಇಳಿದು ಹೋದರು.

ಜಾನಕಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಇದ್ದರು. ಶೀನಣ್ಣನ ಮನೆಯಲ್ಲಿ ಇದ್ದದ್ದು ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಒಂದು ಪಟ. ಪ್ರವಾಸದ ದಿನ ಆರು ಗಂಟೆಗೇ ದಾರಿಬದಿಯ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತ, "ಪಟದ ದೇವರು ಪಾಪ, ಏನೂ ಅಂದ್ಕೊಳ್ಳಲ್ಲ" ಎಂದು ನಗಿಸುತ್ತಿದ್ದವರು ಅವರೇ.

* * *

ಮಧ್ಯಾಹ್ನ ಮಧುರಾ ಮತ್ತೆ ಫೋನ್ ಮಾಡಿದಳು. "ಗುಡಿ ಖಾಲಿ ಇರೋದನ್ನ ಮೊದಲು ನೋಡಿದ್ದು ಈ ಬೈರಮ್ಮ. ನಿಮ್ಮ ಹತ್ರ ಮಾತಾಡ್ತಾರಂತೆ."

ವಯಸ್ಸಾದ ಹೆಂಗಸಿನ ದನಿ. ಸಿಟ್ಟು ಇರಲಿಲ್ಲ. ಅಳು ಒಣಗಿದ ಹಾಗಿತ್ತು.

"ನಿನ್ನೆ ನಮ್ಮ ಹಸು ಕರ ಹಾಕ್ತು ಕಣವ್ವ. ಮೊದಲ ಗಿಣ್ಣು ಗೋಪಾಲಂಗೆ. ನಮ್ಮತ್ತೆ ಕಾಲದಿಂದ ಹಂಗೇಯ. ತಂಬಿಗೆ ಹಿಡ್ಕಂಡು ಹೋದೆ. ಯಾರಿಗೆ ಕೊಡ್ಲವ್ವ? ಮನೇಲಿ ಇನ್ನೂ ಯಾರೂ ಗಿಣ್ಣು ಬಾಯಿಗಿಟ್ಟಿಲ್ಲ."

"ಪೂಜೆ ಮಾಡ್ತೀರಾ ಅಲ್ಲಿ? ನಾವು ಬಂದಾಗ ದೀಪ ಕೂಡ ಕಾಣ್ಲಿಲ್ಲವಲ್ಲ."

"ದೀಪ ಹಚ್ಚಾಕಿಲ್ಲ. ಪಕ್ಕದಾಗೇ ಬಣವೆ ಐತೆ, ಕಿಡಿ ಹಾರಿದ್ರೆ ಊರೇ ಹೋಯ್ತದೆ. ಹಾಲು ಹಾಕಿ, ಒರೆಸಿ, ಒಂದು ದಾಸವಾಳ ಇಟ್ಟು ಬರೋದು. ಅಷ್ಟೇಯ."

"ಅಕ್ಕಿ ಹಾಕ್ತೀರಾ ತಾಯಿ?"

"ಅಕ್ಕಿ ಯಾಕವ್ವ? ಇಲಿ ಬರ್ತವೆ."

ಜಾನಕಮ್ಮ ಫೋನು ಕೆಳಗಿಟ್ಟರು. ಎದ್ದು ನಕ್ಷೆಯ ಹತ್ತಿರ ಹೋಗಿ ಕಲ್ಲುದೇವನಹಳ್ಳಿಯ ಪಿನ್ನು ಕಿತ್ತರು. ತೂತು ಉಳಿಯಿತು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಆಟೊ ಹಿಡಿದರು.

* * *

ಚಾಮರಾಜಪೇಟೆಯ ವಠಾರದ ಕೊನೆಯ ಮನೆ. ಬಾಗಿಲು ತೆರೆಯುವುದು ತಡವಾಯಿತು. ತೆರೆದಾಗ ತುಳಸಿ, ತುಪ್ಪದ ದೀಪದ ವಾಸನೆ.

"ನಾನು ಒಳಗೆ ಬರಬಹುದಾ ಶೀನಣ್ಣ? ಕಾಲು ತೊಳ್ಕೊಂಡೇ ಬರ್ತೀನಿ."

ಶೀನಣ್ಣ ಅವರ ಮುಖ ನೋಡಿದರು. ದಾರಿ ಬಿಟ್ಟರು.

ಮೂಲೆಯಲ್ಲಿ ಮಣೆ. ಮಣೆಯ ಮೇಲೆ ಹಿತ್ತಾಳೆಯ ಹರಿವಾಣ, ಅದರ ತುಂಬ ಅಕ್ಕಿ. ಅಕ್ಕಿಯ ಮೇಲೆ ಗೋಪಾಲ ನಿಂತಿದ್ದ. ಸೊಂಟಕ್ಕೆ ರೇಷ್ಮೆಯ ಚೂರು.

"ಹೇಗೆ ಗೊತ್ತಾಯ್ತು?" ಶೀನಣ್ಣ ಕೇಳಿದರು.

"ನೀವು ಕಳ್ಳರ ಹಾಗೆ ಕದೀಲಿಲ್ಲ, ಅದಕ್ಕೇ. ಕಳ್ಳ ಮೂರ್ತಿ ಎತ್ತುವ ಮೊದಲು ಕಲಶ ಇಡ್ತಾನಾ? ಪ್ರತಿಷ್ಠೆ ಆದ ಮೂರ್ತೀನ ಅಲುಗಿಸೋಕೆ ಮುಂಚೆ ಅದರಲ್ಲಿರೋ ದೇವರ ಕಳೆಯನ್ನ ಕಲಶದ ನೀರಿಗೆ ಇಳಿಸ್ಕೋಬೇಕು. ನಮ್ಮಪ್ಪ ಗುಡಿ ರಿಪೇರಿ ಮಾಡಿಸಿದಾಗ ಪುರೋಹಿತರು ಮಾಡಿದ್ದನ್ನ ನಾನು ನೋಡಿದೀನಿ. ಅಕ್ಕಿ ಹರಡಿ ಅದರ ಮೇಲೆ ಕಲಶ, ಕಲಶಕ್ಕೆ ದರ್ಭೆ. ಫೋಟೊದಲ್ಲಿ ಅಕ್ಕಿಯ ಉಂಗುರ ಉಳಿದಿತ್ತು. ಊರವರು ಅಕ್ಕಿ ಹಾಕಲ್ಲವಂತೆ. ಶ್ರೀಹರಿಗೆ ಕಲಶಕ್ಕೂ ಚೊಂಬಿಗೂ ವ್ಯತ್ಯಾಸ ಗೊತ್ತಿಲ್ಲ. ರೆಸಾರ್ಟಿನವನ ಜನಕ್ಕೆ ಅದು ಬೇಕಾಗೂ ಇಲ್ಲ."

"ಬಳಗದಲ್ಲಿ ಶಾಸ್ತ್ರ ಗೊತ್ತಿರೋರು ಬೇರೆಯವರೂ ಇದಾರೆ."

"ಇದಾರೆ. ಆದ್ರೆ ಬಳಗ ಬಿಟ್ಟವರು ನೀವೊಬ್ರೇ. ಮನೆಗೆ ಕಲ್ಲಿನ ಮೂರ್ತಿ ಬಂತು ಅಂದ್ರೆ ಅದನ್ನ ಒಂದು ಹೊತ್ತೂ ಉಪವಾಸ ಕೆಡವೋ ಹಾಗಿಲ್ಲ. ಬಾಗಿಲು ಹಾಕ್ಕೊಂಡು ಊರು ಸುತ್ತೋ ಹಾಗಿಲ್ಲ. ಪಟದ ದೇವರನ್ನ ಬಿಟ್ಟು ಬರ್ತಿದ್ದವರು ಈಗ ಉಪ್ಪಿಟ್ಟನ್ನೂ ಮುಟ್ಟಲಿಲ್ಲ. ಮೈಕು ತಂದಿಟ್ಟಾಗಲೇ ನನಗೆ ಗೊತ್ತಾಗಬೇಕಿತ್ತು."

ಶೀನಣ್ಣ ಗೋಡೆಗೊರಗಿ ಕುಳಿತರು.

"ಹೋದ ಸಲ ಪೀಠದ ಹಿಂದೆ ಬಿಯರ್ ಬಾಟಲಿ ಬಿದ್ದಿತ್ತು. ನಿಮಗೆ ಹೇಳ್ದೆ. ಈ ಗುಡಿ ಬಿಟ್ಬಿಡೋಣ, ನಾವು ತೋರಿಸಿದಷ್ಟೂ ಜನ ಬರ್ತಾರೆ ಅಂತ. ನೀವೇನಂದ್ರಿ?"

ಜಾನಕಮ್ಮನಿಗೆ ನೆನಪಿತ್ತು. ಒಂದು ಗುಡಿಗೋಸ್ಕರ ಅಷ್ಟು ಚೆಂದದ ದಾರಿ ಬಿಡಕ್ಕಾಗುತ್ತಾ ಎಂದಿದ್ದರು. ನಗುತ್ತ ಅಂದಿದ್ದರು.

"ಗುರುವಾರ ಆ ರೀಲ್ ಬಂತು. ಗೋಪಾಲನಿಗೆ ಕರೀ ಕನ್ನಡಕ. ರಾತ್ರಿ ನಿದ್ದೆ ಬರ್ಲಿಲ್ಲ. ಶುಕ್ರವಾರ ಕಲಾಸಿಪಾಳ್ಯದಲ್ಲಿ ಬಸ್ ಹತ್ತಿದೆ. ಬರುವಾಗ ಅಕ್ಕಿ ಚೀಲದೊಳಗೆ ಮಡಗಿ, ಮಡಿಲಲ್ಲಿ ಇಟ್ಕೊಂಡು ಬಂದೆ. ದೀಪ ಇಲ್ಲದ ದೇವರು ಜಾನಕಮ್ಮ. ಯಾರಿಗೂ ಬೇಡದ ದೇವರು ಅಂದ್ಕೊಂಡೆ."

"ಬೇಕಾದವರಿದ್ರು."

ಬೈರಮ್ಮನ ತಂಬಿಗೆ, ಬಣವೆ, ಮನೆಯಲ್ಲಿ ಹಾಗೇ ಉಳಿದ ಗಿಣ್ಣು, ಎಲ್ಲವನ್ನೂ ಹೇಳಿದರು. ದನಿ ಏರಿಸದೆ ಹೇಳಿದರು. ಶೀನಣ್ಣ ಕಣ್ಣು ಮುಚ್ಚಿ ಕೇಳಿದರು, ಪದ್ಯ ಕೇಳುವ ಹಾಗೆ. ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಿಕೊಳ್ಳಲಿಲ್ಲ.

"ಆ ಹುಡುಗನ ಹೆಸರು ಎಲ್ಲೂ ಬರಬಾರದು," ಎಂದರು ಕೊನೆಗೆ. "ಈಗಲೇ ಫೋನ್ ಮಾಡಿ. ನಾನೇ ಕದ್ದದ್ದು ಅಂತ ನಾನೇ ಹೇಳ್ತೀನಿ."

ಜಾನಕಮ್ಮ ಫೋನು ತೆಗೆದರು. ಸಬ್ ಇನ್‌ಸ್ಪೆಕ್ಟರ್ ಲಕ್ಷ್ಮೀಶನ ನಂಬರು ಹುಡುಕಿದರು.

"ಒಂದೇ ಒಂದು ಕೇಳ್ಕೋತೀನಿ." ಶೀನಣ್ಣ ಕೈ ಜೋಡಿಸಿದರು. "ಮೂರ್ತೀನ ಹಳ್ಳಕ್ಕೆ ಬಿಟ್ಟೆ ಅಂತ ಹೇಳ್ತೀನಿ. ನನ್ನನ್ನ ಏನು ಬೇಕಾದ್ರೂ ಮಾಡ್ಲಿ. ಗೋಪಾಲ ನಿಮ್ಮನೇಲಿರಲಿ. ಅಲ್ಲಿಗೆ ಹೋದ್ರೆ ನಾಳೆ ಮತ್ತೊಬ್ಬ ಬಂದು ಕನ್ನಡಕ ಹಾಕ್ತಾನೆ. ಇಲ್ಲಾದ್ರೆ ನೀವು ದಿನಾ ದೀಪ ಹಚ್ತೀರ. ಇಷ್ಟು ವರ್ಷದಲ್ಲಿ ನಿಮ್ಮನ್ನ ಬೇರೆ ಏನೂ ಕೇಳಿಲ್ಲ ಜಾನಕಮ್ಮ."

ಕೇಳಿದ್ದರು. ಇನ್ನೊಂದೇ ಒಂದು ಸಲ, ಆ ಗುಡಿ ಬಿಡೋಣ ಎಂದು. ಅದು ಆಗ ನಡೆಸಿಕೊಡಬಹುದಾಗಿದ್ದ ಮಾತು.

ಜಾನಕಮ್ಮ ಹರಿವಾಣದ ಮುಂದೆ ಮಂಡಿಯೂರಿದರು. ಗೋಪಾಲನ ಕಾಲಿಗಂಟಿದ್ದ ಅಕ್ಕಿಕಾಳನ್ನು ಒಂದೊಂದಾಗಿ ಬಿಡಿಸಿದರು. ಇನ್ನೊಂದು ಕೈಯಲ್ಲಿ ಲಕ್ಷ್ಮೀಶನಿಗೆ ಮಾಡಿದ ಫೋನು ರಿಂಗಾಗುತ್ತಿತ್ತು.

"ಇಲ್ಲ ಶೀನಣ್ಣ," ಎಂದರು. "ಆಗಲ್ಲ."