ಹಮಾಲಿ ಬಿಲ್ಲೆ

ದಾವಣಗೆರೆಯ ಆ ಛತ್ರದಲ್ಲಿ ಮುನ್ನೂರು ಜನ ಮದುವೆ ಊಟಕ್ಕೆ ಕುಳಿತಿದ್ದರು. ಒಬ್ಬನನ್ನು ಬಿಟ್ಟು ಉಳಿದೆಲ್ಲರ ಬಲಪಕ್ಕೆಯ ಮೇಲೂ ಬಿಲ್ಲೆ ಕೆಲಸ ಮಾಡುತ್ತಿತ್ತು. ರೂಪಾಯಿ ನಾಣ್ಯದಷ್ಟು ಅಗಲದ, ಚರ್ಮಕ್ಕೆ ಅಂಟಿಕೊಳ್ಳುವ ಬಿಲ್ಲೆ. ಹೋಳಿಗೆ ಒಳಗಿಳಿದಂತೆಲ್ಲ ಮೈ ಬೆಚ್ಚಗಾಗುತ್ತಿತ್ತು. ಅಷ್ಟು ಮೈಗಳಿಂದ ಏಳುವ ಸೆಕೆ ತಡೆಯಲಾರದೆ ಛತ್ರದವರು ಮಾಘಮಾಸದ ಚಳಿಯಲ್ಲೂ ಏಸಿ ಹಾಕಿದ್ದರು.

ಇದು ಇಸವಿ 2061ರ ಮಾತು. ಇಂಥ ಊಟ ಆಗ ಯಾರಿಗೂ ವಿಶೇಷವಲ್ಲ. ಬಿಲ್ಲೆಯನ್ನು ಕಂಡುಹಿಡಿದ ಡಾಕ್ಟರ್ ವಚನಾಳಿಗೆ ಮಾತ್ರ ಆವತ್ತು ಮೈಯೆಲ್ಲ ಉರಿಯುತ್ತಿತ್ತು. ಬಿಲ್ಲೆ ಇಲ್ಲದ ಆ ಒಬ್ಬ ಮನುಷ್ಯ ಅವಳ ಸ್ವಂತ ಅಣ್ಣ ಕೊಟ್ರೇಶ. ಅವಳ ಪಕ್ಕದಲ್ಲೇ ಕುಳಿತು ಆರನೆಯ ಹೋಳಿಗೆ ಮುರಿಯುತ್ತಿದ್ದ.

ಬಿಲ್ಲೆಯ ಗುಟ್ಟು ಸರಳವಾದದ್ದು. ಕೊಬ್ಬಿನಾಮ್ಲ ನೀರಿನಲ್ಲಿ ಬೆರೆಯುವ ಪದಾರ್ಥವಲ್ಲ. ಯಕೃತ್ತಿನ, ಅಂದರೆ ಪಿತ್ತಜನಕಾಂಗದ, ಜೀವಕೋಶದೊಳಗೆ ಅದನ್ನು ಹೊತ್ತು ತಿರುಗಲು ಒಂದು ಪುಟ್ಟ ಪ್ರೋಟೀನು ಬೇಕು. ವಚನಾ ಅದಕ್ಕೆ ಹಮಾಲಿ ಎಂದು ಹೆಸರಿಟ್ಟಿದ್ದಳು. ಹಮಾಲಿ ತನ್ನ ಮೂಟೆಯನ್ನು ಒಲೆಗೆ ಒಯ್ದರೆ ಅದು ಉರಿದು ಶಕ್ತಿಯಾಗುತ್ತದೆ, ಗೋಡೌನಿಗೆ ಒಯ್ದರೆ ಕೊಬ್ಬಾಗಿ ಕೂರುತ್ತದೆ. ಗೋಡೌನು ತುಂಬಿ ತುಳುಕಿದರೆ ಯಕೃತ್ತು ಊದಿಕೊಂಡು ಕ್ರಮೇಣ ಕಲ್ಲಾಗುತ್ತದೆ. ಬಿಲ್ಲೆಯಿಂದ ಒಸರುವ ಔಷಧಿ ಹಮಾಲಿಗೆ ಅಂಟಿಕೊಂಡು ಎಲ್ಲ ಮೂಟೆಗಳನ್ನೂ ಒಲೆಯ ಕಡೆಗೇ ತಿರುಗಿಸುತ್ತಿತ್ತು. ಬೊಜ್ಜು ಎಂಬ ಪದವನ್ನು ಮಕ್ಕಳು ನಿಘಂಟಿನಲ್ಲಿ ಹುಡುಕುವ ಕಾಲ ಬಂದಿತ್ತು. ಎಷ್ಟು ಉಂಡರೂ ಉರಿದುಹೋಗುತ್ತಿದ್ದುದರಿಂದ ಹೊಟ್ಟೆ ತುಂಬಿತೆಂದು ನಿಲ್ಲಿಸುವ ಅಭ್ಯಾಸವೇ ಜನರಿಗೆ ತಪ್ಪಿಹೋಗಿತ್ತು.

ಆದರೆ ಕೊಟ್ರೇಶನ ಮಗಳು ಇಂಪನಾ ಆಸ್ಪತ್ರೆಯಲ್ಲಿದ್ದಳು. ಇನ್ನೂ ಇಪ್ಪತ್ತು ತುಂಬದ ಹುಡುಗಿ. ಬಿಲ್ಲೆಗೆ ಸಂಬಂಧವೇ ಇಲ್ಲದ ಯಾವುದೋ ಕಾಯಿಲೆಯಿಂದ ಅವಳ ಪಿತ್ತನಾಳಗಳು ಮುಚ್ಚಿಕೊಳ್ಳುತ್ತ ಬಂದು ಯಕೃತ್ತು ಸೋತಿತ್ತು. ಮನೆಮಂದಿಯಲ್ಲಿ ಹೊಂದಿಕೆಯಾದದ್ದು ಅಪ್ಪನ ಯಕೃತ್ತು ಮಾತ್ರ. ಅದರ ಅರ್ಧ ಭಾಗ ಕೊಯ್ದು ಮಗಳಿಗೆ ಇಡಬೇಕು, ಎರಡೂ ಅರ್ಧಗಳು ಮತ್ತೆ ಬೆಳೆಯಬೇಕು. ಹೀಗೆ ಬೆಳೆಯುವ ಯಕೃತ್ತು ಕೆಲವು ದಿನ ಒಂದಿಷ್ಟು ಕೊಬ್ಬನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ, ಮನೆ ಕಟ್ಟುವವರು ಮರಳು ತರಿಸಿಟ್ಟುಕೊಂಡ ಹಾಗೆ. ಬಿಲ್ಲೆ ಇದ್ದರೆ ಮರಳೇ ಉಳಿಯುವುದಿಲ್ಲ. ಅದರ ಔಷಧಿ ಪೂರ್ತಿ ಮೈಬಿಡಲು ವಾರಗಳೇ ಬೇಕಾದ್ದರಿಂದ ದಾನಿ ಮೊದಲೇ ಬಿಲ್ಲೆ ತೆಗೆಯಬೇಕು; ಕೊಬ್ಬು ತುಂಬಿದ ಯಕೃತ್ತನ್ನು ಕೊಯ್ಯುವುದು ಅಪಾಯವಾದ್ದರಿಂದ ಅಲ್ಲಿಯವರೆಗೆ ಗೋಡೌನನ್ನೂ ಖಾಲಿ ಇಟ್ಟುಕೊಳ್ಳಬೇಕು. ಖಾಲಿ ಇಡುವುದಕ್ಕೆ ಇರುವುದು ಒಂದೇ ದಾರಿ, ಕಡಿಮೆ ಉಣ್ಣುವುದು.

ಕೊಟ್ರೇಶ ಬಿಲ್ಲೆಯನ್ನು ಅದೇ ದಿನ ಕಿತ್ತು ಎಸೆದ. ಉಣ್ಣುವುದನ್ನು ಬಿಡಲಿಲ್ಲ. ಮೂರೇ ವಾರದಲ್ಲಿ ಅವನ ಯಕೃತ್ತಿನ ಕಾಲು ಭಾಗ ಕೊಬ್ಬಾಯಿತು.

“ಅಣ್ಣ, ನಿನಗೆ ಎಷ್ಟು ಸಲ ಹೇಳಬೇಕು? ಕೋಣದ ಮುಂದೆ ಕಿನ್ನರಿ ಬಾರಿಸಿದಂಗಾತು!”

“ನಾನೇನ್ ಮಾಡ್ಲಿ ತಂಗಿ? ಬಡ್ಸಾಕೆ ಬಂದೋರಿಗೆ ಬ್ಯಾಡ ಅಂದ್ರೆ ಬೀಗರು ಬೇಜಾರ್ ಮಾಡ್ಕೊಳ್ಳಲ್ವಾ?”

“ಕೈ ಅಡ್ಡ ಹಿಡಿ. ಅಪ್ಪ ಹಿಡೀತಿರಲಿಲ್ವಾ?”

ತುಪ್ಪದವನು ಬಂದ. ಮೂವತ್ತು ದಾಟಿದ, ಮೀಸೆ ಹೊತ್ತ ಗಂಡಸು. ಕೊಟ್ರೇಶ ತಂಗಿಯ ಮಾತು ಕೇಳಿ ಎಲೆಯ ಮೇಲೆ ಕೈ ಅಡ್ಡ ಹಿಡಿದ. ತುಪ್ಪದವನು ಒಂದು ಗಳಿಗೆ ನೋಡಿ, ಬಿಸಿ ತುಪ್ಪವನ್ನು ಆ ಕೈಯ ಮೇಲೇ ಸುರಿದ.

“ಅಯ್ಯಯ್ಯೋ!”

“ಕೈ ಮ್ಯಾಲೆ ಹಾಕು ಅಂದಂಗಾತು ಸಾರ್,” ಎಂದು ಅವನು ನಿಜವಾಗಿಯೂ ಗಾಬರಿಯಾದ. “ಕೈ ಹಂಗೆ ಇಟ್ರೆ ಏನರ್ಥ ಮೇಡಂ?”

ವಚನಾಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವನ ಮೇಲೆ ರೇಗಿ ಏನು ಪ್ರಯೋಜನ? ಅವನು ಹುಟ್ಟಿ ಬೆಳೆದ ಊರಿನಲ್ಲಿ ಸಾಕು ಎಂದವರನ್ನೇ ಅವನು ಕಂಡಿರಲಿಲ್ಲ. ಬೀಗಿತ್ತಿ ಬಂದು ಸುಟ್ಟ ಕೈಗೆ ತಣ್ಣೀರು ಹಾಕಿದಳು, ಸಮಾಧಾನಕ್ಕೆ ಇನ್ನೊಂದು ಹೋಳಿಗೆಯನ್ನೂ ಹಾಕಿದಳು.

ಅಣ್ಣನಿಗೆ ಜೊತೆಯಾಗಲೆಂದು ವಚನಾ ಮರುದಿನ ತನ್ನ ಬಿಲ್ಲೆಯನ್ನೂ ತೆಗೆದಿಟ್ಟಳು. ಸಂಜೆ ಅಡುಗೆಮನೆಯಲ್ಲಿ ನಿಂತು ಪೇಪರು ಓದುತ್ತಿದ್ದವಳು ನೋಡುತ್ತಾಳೆ, ಮಂಡಕ್ಕಿ ಡಬ್ಬಿ ಖಾಲಿ! ಯಾವಾಗ ತಿಂದಳೋ ಅವಳಿಗೇ ಗೊತ್ತಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹಮಾಲಿಯ ಮೈಯ ಒಂದೊಂದು ಅಣುವನ್ನೂ ಬಲ್ಲವಳಿಗೆ ತನ್ನ ಹೊಟ್ಟೆಯ ಸುದ್ದಿ ತಿಳಿಯದೆ ಹೋಯಿತಲ್ಲ ಎಂದು ಸಿಟ್ಟು ಬಂತು, ನಾಚಿಕೆಯೂ ಆಯಿತು.

ಸರ್ಜನ್ ರೆಹಾನಾ ಆಸ್ಪತ್ರೆಯಲ್ಲಿ ಮುಲಾಜಿಲ್ಲದೆ ಹೇಳಿದರು: “ಹುಡುಗಿ ಹೆಚ್ಚೆಂದರೆ ಎರಡು ತಿಂಗಳು ತಡೆದಾಳು. ಅಷ್ಟರೊಳಗೆ ಇವರ ಕೊಬ್ಬು ಇಳಿಯದಿದ್ದರೆ ನಾನು ಕತ್ತರಿ ಮುಟ್ಟುವುದಿಲ್ಲ. ಮುಟ್ಟಿದರೆ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ.”

ಕೊಟ್ರೇಶ ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತ. ಟೈರ್ ಅಂಗಡಿಯಲ್ಲಿ ಲಾರಿ ಡ್ರೈವರುಗಳನ್ನು ಗದರಿಸುವ ಗಂಡಸು ಮಗುವಿನ ಹಾಗೆ ಅತ್ತ. “ಎಲ್ಲಿ ನಿಲ್ಲಿಸ್ಬೇಕು ಅಂತ ನನಗೆ ತಿಳೀವಲ್ದು ತಂಗಿ. ಸುಳ್ಳು ಹೇಳ್ತಿಲ್ಲ.”

ನಿಲ್ಲಿಸುವ ದಾರಿಯನ್ನು ಕಡೆಗೆ ಅವನೇ ಕಂಡುಕೊಂಡ. ಕಾಯಿಲೆಯಿಂದ ಇಂಪನಾಳಿಗೆ ಏನೂ ಸೇರುತ್ತಿರಲಿಲ್ಲ. ಕೊಟ್ರೇಶ ಹೊತ್ತು ಹೊತ್ತಿಗೆ ಅವಳ ಮಂಚದ ಪಕ್ಕ ತಟ್ಟೆ ಹಿಡಿದು ಕುಳಿತ. ಮಗಳು ಒಂದು ತುತ್ತು ಉಂಡರೆ ತಾನೂ ಒಂದು ತುತ್ತು. ಮಗಳು ಮುಖ ತಿರುಗಿಸಿದರೆ ತಾನೂ ತಟ್ಟೆ ಕೆಳಗಿಡುತ್ತಿದ್ದ. ಅವನು ಸೊರಗುತ್ತಾನೆಂದು ಅವಳು ಹಟ ಹಿಡಿದು ಒಂದೆರಡು ತುತ್ತು ಹೆಚ್ಚು ಉಣ್ಣತೊಡಗಿದಳು. ಇದನ್ನು ನೋಡಲಾರದೆ ವಚನಾ ಎಷ್ಟೋ ಸಲ ಎದ್ದು ಹೊರಗೆ ಹೋದಳು. ಅವನ ಅಂಗಿಗಳು ಸಡಿಲವಾದವು, ಸ್ಕ್ಯಾನಿನ ಅಂಕಿ ಇಳಿಯಿತು, ರೆಹಾನಾ ಕತ್ತರಿ ಮುಟ್ಟಿದರು.

ಅಪ್ಪನೂ ಮಗಳೂ ಬದುಕಿದರು. ಕಸಿ ಮಾಡಿದ ಯಕೃತ್ತಿಗೆ ಆ ಔಷಧಿ ಒಗ್ಗದ್ದರಿಂದ ಇಂಪನಾಳಿಗೆ ಇನ್ನು ಜೀವಮಾನವಿಡೀ ಬಿಲ್ಲೆ ನಿಷಿದ್ಧ. ಮಗುವಾಗಿದ್ದಾಗಿನಿಂದಲೂ ಅದನ್ನು ಅಂಟಿಸಿಕೊಂಡೇ ಬೆಳೆದ ಹುಡುಗಿ ಒಂದು ಮಧ್ಯಾಹ್ನ ಹಾಸಿಗೆಯಲ್ಲಿ ಎದ್ದು ಕುಳಿತು, ವಚನಾ ಡಬ್ಬಿಯಲ್ಲಿ ತಂದಿದ್ದ ಅನ್ನ ಸಾರು ಹಸಿದು ಉಂಡಳು. ಅರ್ಧ ತಟ್ಟೆಗೆ ಅವಳ ಕೈ ನಿಧಾನವಾಯಿತು.

“ಅತ್ತೆ, ಮೊದಲ್ನೇ ತುತ್ತು ಎಷ್ಟ್ ರುಚಿ ಇತ್ತು! ಈಗ ಅಷ್ಟಿಲ್ಲ. ಸಾರು ಕೆಟ್ಟೈತಾ?”

“ಇಲ್ಲವ್ವ. ಹೊಟ್ಟೆ ತುಂಬಿದ್ರೆ ಹಂಗಾಗುತ್ತೆ.”

“ಇಷ್ಟೇನಾ? ನಿಮ್ಮ ಕಾಲದಾಗೆ ಎಲ್ಲಾರಿಗೂ ಹಿಂಗೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು.”

ಇಂಪನಾ ಬೆರಳು ಚೀಪಿ ಯೋಚಿಸಿದಳು. “ಮತ್ತೆ ಬಿಲ್ಲೆ ಯಾಕೆ ಬೇಕಾತು ಅತ್ತೆ?”

ದೇಶವಿದೇಶದ ಸಭೆಗಳಲ್ಲಿ ಹಮಾಲಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದ ವಚನಾ ಡಬ್ಬಿಯ ಮುಚ್ಚಳ ತೆಗೆದಳು. ಸಿಡುಕುತ್ತಲೇ ಇನ್ನೊಂದು ಸೌಟು ಅನ್ನ ತೆಗೆದು ಹುಡುಗಿಯ ತಟ್ಟೆಗೆ ಹಾಕಿದಳು.

“ತಲೆ ತಿನ್ನಬ್ಯಾಡ. ಇನ್ನೊಂದು ತುತ್ತು ಉಣ್ಣು, ನನ್ನಾಣೆ.”

“ಹೊಟ್ಟೆ ತುಂಬೈತೆ ಅಂತ ನೀವೇ ಅಂದ್ರಲ್ಲ ಅತ್ತೆ,” ಎಂದಳು ಇಂಪನಾ.